ಹೊಲಿಗೆ ಕಡಿಮೆಯಾಗಿದೆ, ಸಾಲ ಮಾಡಿ ಕಂಪ್ಯೂಟರ್ ಮೆಷಿನ್ ತರಲೇ?

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ನಾವು ಕಲಬುರಗಿಯ ಬ್ರಹ್ಮಪುರದ ಕಡೆಯವರು. ನನಗೆ 46 ವರ್ಷ. ಮನೆಯಲ್ಲೇ 21 ವರ್ಷದಿಂದ ಹೊಲಿಯುತ್ತೇನೆ. ಎರಡು ಮೆಷಿನ್, ಕೈ ಕಸೂತಿಗೆ ಬಟ್ಟೆ ಬಿಗಿದು ಕಟ್ಟುವ ಒಂದು ಅಡ್ಡಾ, ಕೈಕೆಳಗೆ ಒಬ್ಬ ಹುಡುಗಿ. ಮೊದಲು ಮದುವೆ ಸೀಸನ್‌ನಲ್ಲಿ ತಿಂಗಳಿಗೆ 40–45 ಜಂಪರ್ (ಬ್ಲೌಸ್) ಬರುತ್ತಿದ್ದವು, ಈಗ 20 ಬಂದರೆ ಹೆಚ್ಚು. ಕಾಲೇಜಿನ ಹುಡುಗಿಯರು ಆನ್‌ಲೈನ್‌ನಲ್ಲಿ ರೆಡಿಮೇಡ್ ತರಿಸುತ್ತಾರೆ. ನಮ್ಮ ರಸ್ತೆಯಲ್ಲೇ ಮೂರು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ ಆಗಿವೆ. ಜಂಪರಿನ ಮೇಲಿನ ಕಸೂತಿ ವರ್ಕಿಗೆ ನಾನು 3,200 ರೂಪಾಯಿ ಹೇಳಿದರೆ ಅವರು 1,200ಕ್ಕೆ ಮಾಡುತ್ತಾರೆ. ನಾವೂ ಅಂಥ ಮೆಷಿನ್ ತರೋಣ ಅಂತ ಮಗ ಹಟ ಹಿಡಿದಿದ್ದಾನೆ. ನಾಲ್ಕೂವರೆ ಲಕ್ಷ ಹೇಳಿದ್ದಾರೆ, 5,000 ಅಡ್ವಾನ್ಸ್ ಕೊಟ್ಟು ಬಂದಿದ್ದಾನೆ. ಅರ್ಧ ಸಬ್ಸಿಡಿ ಬರುತ್ತದೆ ಅಂತ ಒಬ್ಬರು ಹೇಳಿದರು. ನಮ್ಮ ಮನೆಯವರು ದಾಲ್ ಮಿಲ್ಲಿನಲ್ಲಿದ್ದಾರೆ, ‘ಇನ್ನು ಹೊಲಿಗೆ ಮುಗೀತು, ಸಾಕು ಬಿಡು’ ಅನ್ನುತ್ತಾರೆ. ಸಂಜೆಯಾದರೆ ನನ್ನ ಕಣ್ಣಲ್ಲಿ ನೀರು ಬರುತ್ತದೆ, ಕುತ್ತಿಗೆ ಹಿಡಿಯುತ್ತದೆ. ಫೋನ್‌ಪೇ ತಗೊಂಡರೆ ತೆರಿಗೆ ನೋಟಿಸ್ ಬರುತ್ತದೆ ಅನ್ನುವ ಭಯ ಬೇರೆ. ನನ್ನ ಪುಸ್ತಕದ ಎರಡು ತಿಂಗಳ ಹಾಳೆ ಫೋಟೊ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ತಂಗೀ, ಹಾಳೆ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಇಂಥ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ‘ಗಿರಾಕಿ ಕಡಿಮೆ ಆಗ್ಯಾರ’ ಅನ್ನುತ್ತಾರೆ, ಎಷ್ಟು ಕಡಿಮೆ ಅಂದರೆ ಗೊತ್ತಿರುವುದಿಲ್ಲ. ನಿಮ್ಮ ಹಾಳೆಯನ್ನು ಎರಡು ಸಲ ಓದಿದೆ. ನಿಮ್ಮ ಮನೆಯವರು ಹೇಳುವ ಹಾಗೆ ಹೊಲಿಗೆ ಮುಗಿದಿಲ್ಲ. ಮಗ ಹೇಳುವ ಹಾಗೆ ಮೆಷಿನ್ ಬಂದರೆ ಎಲ್ಲ ಸರಿ ಹೋಗುವುದೂ ಇಲ್ಲ. ನಿಮ್ಮ ಪುಸ್ತಕದಲ್ಲಿ ಇರುವುದಕ್ಕಿಂತ, ಅದರಲ್ಲಿ ಬರೆಯದೇ ಬಿಟ್ಟದ್ದೇ ನನ್ನ ಕಣ್ಣಿಗೆ ಜಾಸ್ತಿ ಬಿತ್ತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ನಾಲ್ಕೂವರೆ ಲಕ್ಷದ ಮಾತು.

ಕಂಪ್ಯೂಟರ್ ಮೆಷಿನ್ ತಾನೇ ಕೆಲಸ ಮಾಡುತ್ತದೆ, ನಾವು ಬಟನ್ ಒತ್ತಿದರೆ ಸಾಕು ಅಂತ ಮಾರುವವರು ಹೇಳುತ್ತಾರೆ. ಅರ್ಧ ನಿಜ. ಬೆನ್ನಿಗೆ, ಎರಡು ತೋಳಿಗೆ ತುಂಬಿದ ಡಿಜೈನ್ ಅಂದರೆ 60,000 ಹೊಲಿಗೆ ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ 1,000 ಹೊಲಿಗೆ ಅಂತ ಮೆಷಿನ್ ಕಂಪನಿಯವರ ಹಾಳೆಯಲ್ಲಿ ಬರೆದಿರುತ್ತಾರೆ. ದಾರ ತುಂಡಾಗದೆ ನಡೆಯಬೇಕಾದರೆ 700ರ ಸುತ್ತ ಇಟ್ಟು ಓಡಿಸಬೇಕು. ಅಲ್ಲಿಗೆ ಒಂದೂವರೆ ಗಂಟೆ. ಫ್ರೇಮ್ ಹಾಕುವುದು, ತೆಗೆಯುವುದು, ಬಣ್ಣ ಬದಲಿಸುವುದು, ಬಾಬಿನ್ ತುಂಬುವುದು ಸೇರಿದರೆ ಎರಡು ಗಂಟೆ ದಾಟುತ್ತದೆ. ಅಷ್ಟು ಹೊತ್ತು ಮನುಷ್ಯರು ಅದರ ಮುಂದೆ ಇರಲೇಬೇಕು. ಡಿಜೈನ್ ಪಂಚಿಂಗ್, ಅಂದರೆ ಚಿತ್ರವನ್ನು ಮೆಷಿನ್ ಓದುವ ಫೈಲ್ ಮಾಡುವುದು, ಬೇರೆ ವಿದ್ಯೆ. ಅದು ಬರದಿದ್ದರೆ ಎಲ್ಲರ ಹತ್ತಿರ ಇರುವ ಪೆನ್‌ಡ್ರೈವ್ ಡಿಜೈನ್‌ಗಳನ್ನೇ ನೀವೂ ಹಾಕುತ್ತೀರಿ. ಆಗ ನಿಮ್ಮ ರಸ್ತೆಯಲ್ಲಿ ನಾಲ್ಕನೇ ಅಂಗಡಿ ಆಗುತ್ತದೆ, ಅಷ್ಟೇ. ಮೂರು ಇದ್ದಾಗ 1,200 ಇದ್ದ ದರ ನಾಲ್ಕಾದಾಗ ಏರುತ್ತದೆಯಾ?

ಕಂತಿನ ಲೆಕ್ಕ ನೋಡಿ. ನಾಲ್ಕೂವರೆ ಲಕ್ಷಕ್ಕೆ ಶೇಕಡಾ 12ರ ಬಡ್ಡಿ, ಐದು ವರ್ಷ ಅಂದರೆ ತಿಂಗಳಿಗೆ 10,000 ರೂಪಾಯಿ ಕಟ್ಟಬೇಕು. ಅದೂ ಪ್ರತಿ ತಿಂಗಳು. ಆಷಾಢದಲ್ಲೂ, ಶೂನ್ಯ ಮಾಸದಲ್ಲೂ, ಅಧಿಕ ಮಾಸ ಬಿದ್ದ ವರ್ಷ ಮದುವೆ ನಿಂತಾಗಲೂ. ನಮ್ಮ ಭಾಗದಲ್ಲಿ ದುಡ್ಡು ನೀರಿನ ಹಾಗೆ ದಿನಾ ಹರಿಯುವುದಿಲ್ಲ, ಗಂಟು ಗಂಟಾಗಿ ಬರುತ್ತದೆ. ತೊಗರಿ ರಾಶಿ ಆಗಿ ಮಾರಾಟವಾದ ಮೇಲೆ ಹಳ್ಳಿ ಗಿರಾಕಿಗಳು ಹಳೇ ಉದ್ರಿ ತೀರಿಸುತ್ತಾರೆ, ಹೊಸದನ್ನೂ ಹೊಲಿಸುತ್ತಾರೆ. ರಂಜಾನಿಗೆ ಒಂದು ಗಂಟು, ದೀಪಾವಳಿಗೆ ಒಂದು, ಬೇಸಿಗೆ ಮದುವೆಗೆ ಒಂದು. ನಿಮ್ಮ ಹಾಳೆಯಲ್ಲೇ ನೋಡಿ, ಒಂದು ತಿಂಗಳ ಉದ್ರಿ 6,400 ರೂಪಾಯಿ ಇದೆ. ಬ್ಯಾಂಕಿನವರು ತೊಗರಿ ರಾಶಿ ಆಗಲಿ ಅಂತ ಕಾಯುವುದಿಲ್ಲ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಬೀದರಿನಲ್ಲಿ ಕಟಿಂಗ್ ಟೇಬಲ್ ಇಟ್ಟುಕೊಂಡಿದ್ದ ಕಾಲದಲ್ಲಿ ನಾನು, ಇನ್ನಿಬ್ಬರು ಗೆಳತಿಯರು ಸೇರಿ ಸೆಕೆಂಡ್ ಹ್ಯಾಂಡ್ ಎಂಬ್ರಾಯ್ಡರಿ ಮೆಷಿನ್ ತಂದಿದ್ದೆವು. ಮೊದಲ ನಾಲ್ಕು ತಿಂಗಳು ಹಬ್ಬ. ಸರಿಯಾಗಿ ಮದುವೆ ಸೀಸನ್‌ನಲ್ಲಿ ಹುಕ್ ಟೈಮಿಂಗ್ ತಪ್ಪಿತು. ಒಂದು ಹೊಲಿಗೆ ಹಾಕಿದರೆ ನಾಲ್ಕು ಬಿಡುತ್ತಿತ್ತು. ಮಾರಿದವರು ಫೋನ್ ಎತ್ತಲಿಲ್ಲ. ಮೆಕ್ಯಾನಿಕ್ ಹೈದರಾಬಾದಿನಿಂದ ಬರಬೇಕು, ಬಂದಿದ್ದು ಹನ್ನೊಂದನೇ ದಿನ. ಅಷ್ಟರಲ್ಲಿ ಮೂರು ಮದುವೆ ಮನೆಯವರ ಕೈಯಲ್ಲಿ ಬೈಸಿಕೊಂಡು, ರಾತ್ರಿಯಿಡೀ ಕೂತು ಕೈಯಿಂದಲೇ ಮುಗಿಸಿಕೊಟ್ಟೆವು. ಕೊನೆಗೆ ನಷ್ಟಕ್ಕೆ ಮಾರಿದೆವು. ಗೆಳೆತನ ಉಳಿಯಿತು, ಅದೇ ಪುಣ್ಯ. ಅಂದಿನಿಂದ ಯಾರೇ ಮೆಷಿನ್ ಕೇಳಿದರೂ ನನ್ನದು ಒಂದೇ ಪ್ರಶ್ನೆ: ಕೆಟ್ಟರೆ ಊರಲ್ಲೇ ಯಾರು ರಿಪೇರಿ ಮಾಡುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ?

ಇನ್ನು ಕರೆಂಟು. ನೀವು ಬರೆದಿಲ್ಲ, ಆದರೆ ಗೃಹಜ್ಯೋತಿಯಲ್ಲಿ ನಿಮಗೆ ಸೊನ್ನೆ ಬಿಲ್ ಬರುತ್ತಿರಬಹುದು. ಆ ಯೋಜನೆ ಮನೆ ಬಳಕೆಗೆ ಮಾತ್ರ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಕಲಬುರಗಿಯ ಏಪ್ರಿಲ್, ಮೇ ಬಿಸಿಲಿಗೆ ಕೂಲರ್ ಒಂದೇ ಸಾಕು ಮೀಟರ್ ಓಡಿಸಲು. ಅದರ ಮೇಲೆ ದಿನಕ್ಕೆ ಎಂಟು ತಾಸು ಈ ಮೆಷಿನ್, ಸ್ಟೆಬಿಲೈಸರ್. ಅಂಗಡಿ ಹಾಕಿದರೆ ಕಮರ್ಷಿಯಲ್ ಮೀಟರ್. ಮೆಷಿನ್ ಮಾರುವವರು ಈ ಲೆಕ್ಕ ಹೇಳುವುದಿಲ್ಲ, ಅವರು ಯಾಕೆ ಹೇಳುತ್ತಾರೆ?

ಅರ್ಧ ಸಬ್ಸಿಡಿ ಅಂದವರು ಯಾವ ಯೋಜನೆ ಅಂತ ಹೇಳಿದರಾ? ದರ್ಜಿಗಳಿಗೆ ಇರುವ ದೊಡ್ಡ ಯೋಜನೆ ಅಂದರೆ ಕೇಂದ್ರದ ಪಿಎಂ ವಿಶ್ವಕರ್ಮ. 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. 18 ಕಸುಬುಗಳಲ್ಲಿ ಹೊಲಿಗೆಯೂ ಒಂದು. ಅದರಲ್ಲಿ ಐದರಿಂದ ಏಳು ದಿನದ ತರಬೇತಿ ಇದೆ, ದಿನಕ್ಕೆ 500 ರೂಪಾಯಿ ಕೊಡುತ್ತಾರೆ. ಉಪಕರಣಕ್ಕೆ 15,000 ರೂಪಾಯಿ. ಅದು ಕೈಗೆ ನಗದು ಅಲ್ಲ, ಸಾಮಾನು ಕೊಳ್ಳುವ ವೋಚರ್. ಆಮೇಲೆ ಜಾಮೀನು ಇಲ್ಲದೆ ಮೊದಲ ಕಂತಾಗಿ 1 ಲಕ್ಷದ ತನಕ ಸಾಲ, ಬಡ್ಡಿ ಶೇಕಡಾ 5. ಬಡ್ಡಿ ಕಡಿಮೆ ಅಂತ ಖುಷಿಪಡುವ ಮೊದಲು ಅವಧಿ ನೋಡಿ: 18 ತಿಂಗಳು. ಪೂರ್ತಿ 1 ಲಕ್ಷ ತಗೊಂಡರೆ ತಿಂಗಳಿಗೆ 5,800ರ ಹತ್ತಿರ ಕಟ್ಟಬೇಕು. ಮನೆಗೆ ಒಬ್ಬರಿಗೆ ಮಾತ್ರ. ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಇಲ್ಲ. ಆ 15,000ದ ಸಲುವಾಗಿ ಅರ್ಜಿ ಹಾಕುವುದರಲ್ಲಿ ತಪ್ಪಿಲ್ಲ, ಹಾಕಿ. ಬಟ್ಟೆಯ ಅಂಚಿನ ದಾರ ಬಿಡದಂತೆ ಹೊಲಿಯುವ ಓವರ್‌ಲಾಕ್ ಮೆಷಿನ್ ಇಲ್ಲ ಅಂತ ನಿಮ್ಮ ಹಾಳೆಯಿಂದ ಗೊತ್ತಾಗುತ್ತದೆ, ಅದಕ್ಕೆ ಆ ವೋಚರ್ ಉಪಯೋಗಕ್ಕೆ ಬರುತ್ತದೆ. ಆದರೆ ನಾಲ್ಕೂವರೆ ಲಕ್ಷದ ಮೆಷಿನ್ನಿಗೆ ಅರ್ಧ ದುಡ್ಡು ಈ ಯೋಜನೆಯಲ್ಲಿ ಬರುವುದಿಲ್ಲ. ‘ನಾನು ಮಾಡಿಸಿಕೊಡುತ್ತೇನೆ, ಫೈಲಿಗೆ ಇಷ್ಟು ಕೊಡಿ’ ಅನ್ನುವವರು ಸಿಕ್ಕರೆ ದೂರದಿಂದಲೇ ಕೈ ಮುಗಿಯಿರಿ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೂ ಹಾಗೇ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಪುಕ್ಕಟೆ ಆಗುತ್ತದೆ, ಅದಕ್ಕೆ ಸಾವಿರಾರು ರೂಪಾಯಿ ಕೊಟ್ಟವರನ್ನು ನೋಡಿದ್ದೇನೆ.

ಫೋನ್‌ಪೇ ಭಯಕ್ಕೆ ಕಾರಣ ಇದೆ. 2025ರ ಜುಲೈ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದು ದೊಡ್ಡ ಗದ್ದಲ ಆಯಿತು. ಎಷ್ಟೋ ಅಂಗಡಿಗಳು ಸ್ಕ್ಯಾನರ್ ಕಿತ್ತು ‘ನಗದು ಮಾತ್ರ’ ಅಂತ ಬೋರ್ಡ್ ಹಾಕಿದವು. ಆದರೆ ನಿಯಮ ಹೀಗಿದೆ: ಸೇವೆಗೆ ವರ್ಷಕ್ಕೆ 20 ಲಕ್ಷ, ಸಾಮಾನು ಮಾರಾಟಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು. ನಿಮ್ಮ ಎರಡು ತಿಂಗಳ ಹಾಳೆ ಕೂಡಿಸಿದರೆ ವರ್ಷಕ್ಕೆ ಮೂರು ಲಕ್ಷ ದಾಟುವುದಿಲ್ಲ. ನೀವು ಹೆದರಬೇಕಾಗಿಲ್ಲ. ಚೀಟಿ ದುಡ್ಡು, ತಮ್ಮನ ಜಾಗದ ದುಡ್ಡು ಎಲ್ಲ ಅದೇ ಖಾತೆಗೆ ಹಾಕಿಸಿಕೊಳ್ಳಬೇಡಿ, ಹೊಲಿಗೆಗೆ ಬೇರೆ ಖಾತೆ ಇರಲಿ. ಅಷ್ಟು ಮಾಡಿದರೆ ಸಾಕು.

ಈಗ ನಿಮ್ಮ ಪುಸ್ತಕಕ್ಕೆ ಬರುತ್ತೇನೆ. ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇಲ್ಲೇ ಇದೆ.

ನಿಮ್ಮ ಮಗ, ನೀವು, ನಿಮ್ಮ ಓಣಿಯವರು ಎಲ್ಲರೂ ವರ್ಕ್ ಜಂಪರನ್ನೇ ದೊಡ್ಡ ಕೆಲಸ ಅಂದುಕೊಂಡಿದ್ದೀರಿ. 3,200 ರೂಪಾಯಿ ಒಟ್ಟಿಗೆ ಕೈಗೆ ಬರುತ್ತದಲ್ಲ. ಆದರೆ ನೀವೇ ಬರೆದ ಹಾಗೆ ಮಣಿ, ಕುಂದನ್, ರೇಷ್ಮೆ ದಾರ, ಲೈನಿಂಗ್ ಸೇರಿ 650 ಹೋಯಿತು. ಹುಡುಗಿಗೆ 500. ಉಳಿದದ್ದು 2,050. ಎಷ್ಟು ಹೊತ್ತು ಕೂತಿರಿ? ದಿನಕ್ಕೆ ನಾಲ್ಕು ತಾಸಿನಂತೆ ಆರು ದಿನ, 24 ತಾಸು. ತಾಸಿಗೆ 85 ರೂಪಾಯಿ. ಸಾದಾ ಲೈನಿಂಗ್ ಜಂಪರ್ 350ಕ್ಕೆ ಹೊಲಿಯುತ್ತೀರಿ. ಲೈನಿಂಗ್, ಹುಕ್, ದಾರ 80 ತೆಗೆದರೆ 270, ಕಟಿಂಗ್ ಸೇರಿ ಎರಡೂವರೆ ತಾಸು. ತಾಸಿಗೆ 108. ಅಂದರೆ ಕಣ್ಣು ಕೆಡಿಸಿಕೊಂಡು ಮಾಡುವ ಕೆಲಸಕ್ಕೆ ಸಾದಾ ಹೊಲಿಗೆಗಿಂತ ಕಡಿಮೆ ಕೂಲಿ!

ಬರೆಯದೇ ಬಿಟ್ಟದ್ದು ಅಂದೆನಲ್ಲ, ಅದು ಆಲ್ಟ್ರೇಶನ್. ಎರಡು ತಿಂಗಳ ಹಾಳೆಯಲ್ಲಿ ಒಂದೇ ಒಂದು ಆಲ್ಟ್ರೇಶನ್ ಇಲ್ಲ. 21 ವರ್ಷ ಹೊಲಿದವರ ಮನೆಗೆ ‘ಅಕ್ಕಾ, ಇದೊಂಚೂರು ಟೈಟ್ ಮಾಡಿಕೊಡಿ’ ಅಂತ ಯಾರೂ ಬರಲಿಲ್ಲ ಅಂದರೆ ನಾನು ನಂಬುವುದಿಲ್ಲ. ಬಂದಿದ್ದಾರೆ. ನೀವು ಮಾಡಿಕೊಟ್ಟಿದ್ದೀರಿ, ‘ಇರಲಿ ಬಿಡ್ರಿ’ ಅಂದಿದ್ದೀರಿ, ಇಲ್ಲಾ 20 ರೂಪಾಯಿ ತಗೊಂಡು ಡಬ್ಬಿಗೆ ಹಾಕಿದ್ದೀರಿ. ಟೇಲರ್ ಆದವರಿಗೆ ಬೇರೆಯವರು ಹೊಲಿದದ್ದನ್ನು ಬಿಚ್ಚಿ ಸರಿಮಾಡುವುದು ಕೀಳು ಕೆಲಸ ಅನ್ನಿಸುತ್ತದೆ. ನನಗೂ ಹಾಗೇ ಇತ್ತು. ಆದರೆ 20 ನಿಮಿಷದ ಸೈಡ್ ಫಿಟ್ಟಿಂಗಿಗೆ 60 ರೂಪಾಯಿ ತಗೊಂಡರೆ ತಾಸಿಗೆ 180 ಆಗುತ್ತದೆ. ವರ್ಕ್ ಜಂಪರಿನ ಎರಡರಷ್ಟು. ದಿನವಿಡೀ ಇಂಥದ್ದೇ ಬರುವುದಿಲ್ಲ, ಒಪ್ಪುತ್ತೇನೆ. ದಿನಕ್ಕೆ ಎರಡು ತಾಸು ಬಂದರೂ ಸಾಕು.

ರೆಡಿಮೇಡ್ ಬಂದು ನಿಮ್ಮ ಕೆಲಸ ಕಸಿಯಿತು ಅನ್ನುವುದು ಅರ್ಧ ಸತ್ಯ ಆಗುವುದು ಇಲ್ಲೇ. ರೆಡಿಮೇಡ್ ಬ್ಲೌಸ್, ಕುರ್ತಾ ಅಳತೆ ಎದೆಯ ಸುತ್ತಳತೆಯ ಮೇಲೆ ನಿಂತಿರುತ್ತದೆ. 36 ಅಂದರೆ 36. ಭುಜ ಇಳಿಜಾರು ಎಷ್ಟು, ತೋಳು ದಪ್ಪವಾ ಸಣ್ಣವಾ, ಬೆನ್ನು ಬಾಗಿದೆಯಾ, ಆ ಅಂಗಿಗೆ ಗೊತ್ತಿಲ್ಲ. ಹೊಟ್ಟೆ ಹತ್ತಿರ ಸರಿಯಾದರೆ ಕಂಕುಳಲ್ಲಿ ಸುಕ್ಕು. ತರಿಸಿದ ಹತ್ತರಲ್ಲಿ ಎಷ್ಟೋ ಅಂಗಿ ಬೀರುವಿನಲ್ಲೇ ಉಳಿಯುವುದು ಇದಕ್ಕೇ. ಹೊಸ ಜಂಪರ್ ಹೊಲಿಸುವುದನ್ನು ಬಿಟ್ಟ ಹುಡುಗಿಯೇ ಮೂರು ಕುರ್ತಾ ಫಿಟ್ಟಿಂಗಿಗೆ ತರುತ್ತಾಳೆ, ನಿಮ್ಮ ಬಾಗಿಲಲ್ಲಿ ಒಂದು ಬೋರ್ಡ್ ಇದ್ದರೆ. ಇನ್ನು ಸೀರೆಯ ಜೊತೆ ಬರುವ ಬ್ಲೌಸ್ ಪೀಸನ್ನು ಹೇಗಿದ್ದರೂ ಯಾರಾದರೂ ಹೊಲಿಯಲೇಬೇಕು ಅಲ್ವಾ?

ಆಲ್ಟ್ರೇಶನ್ ಸುಲಭ ಅಂತ ಹೇಳುತ್ತಿಲ್ಲ, ಅದಕ್ಕೂ ಅದರದೇ ಹುಷಾರಿ ಬೇಕು. ರೆಡಿಮೇಡಿನಲ್ಲಿ ಒಳಗೆ ಬಟ್ಟೆ ಬಿಟ್ಟಿರುವುದೇ ಕಡಿಮೆ. ಬಿಗಿ ಮಾಡಬಹುದು, ಸಡಿಲ ಮಾಡಲು ಆಗುವುದು ಅಪರೂಪ. ಹೂಂ ಅನ್ನುವ ಮೊದಲು ಒಳಗಿನ ಅಂಚು ತಿರುಗಿಸಿ ನೋಡಿ, ಗಿರಾಕಿಗೂ ತೋರಿಸಿ. ಒಂದು ಇಂಚಿಗಿಂತ ಹೆಚ್ಚು ಒಳಗೆ ತಗೊಂಡರೆ ಕಂಕುಳ ಸುತ್ತಿನ ಆಕಾರ ಕೆಡುತ್ತದೆ, ತೋಳು ಬಿಚ್ಚಿ ಕೂರಿಸಬೇಕಾಗುತ್ತದೆ. ಅದಕ್ಕೆ 60 ಸಾಲದು, 150 ಹೇಳಿ. ಎಳೆದರೆ ಹಿಗ್ಗುವ ಬಟ್ಟೆಗೆ ನಿಮ್ಮ ಮಾಮೂಲಿ ಸೂಜಿ ಹಾಕಬೇಡಿ. ಹೊಲಿಗೆ ಬಿಡುತ್ತದೆ, ಇಲ್ಲಾ ಬಟ್ಟೆಯಲ್ಲಿ ಸಣ್ಣ ತೂತು ಬೀಳುತ್ತದೆ. ಬಾಲ್ ಪಾಯಿಂಟ್ ಸೂಜಿ ಅಂತ ಸಿಗುತ್ತದೆ, 11 ಇಲ್ಲಾ 14 ನಂಬರಿನದು. ಹೊಲಿಗೆಯನ್ನು ಸಣ್ಣ ಜಿಗ್‌ಜ್ಯಾಗ್‌ನಲ್ಲಿ ಹಾಕಿ. ಹತ್ತಿ ಬಟ್ಟೆ ಒಗೆಯದೆ ತಂದಿದ್ದರೆ ಒಂದು ಸಲ ಒಗೆದು ತನ್ನಿ ಅನ್ನಿ. ಇಲ್ಲದಿದ್ದರೆ ಬಿಗಿ ಮಾಡಿಕೊಟ್ಟದ್ದು ಒಗೆದ ಮೇಲೆ ಇನ್ನೂ ಬಿಗಿಯಾಗಿ ನಿಮ್ಮ ತಲೆಗೆ ಬರುತ್ತದೆ.

ಇದರಲ್ಲೇ ಇನ್ನೊಂದು ದಾರಿ ಇದೆ, ನಿಮ್ಮ ಅಡ್ಡಾ ಕೈಗೆ ಅದು ಚೆನ್ನಾಗಿ ಒಗ್ಗುತ್ತದೆ. ಮೂರು ವರ್ಷದ ಹಿಂದೆ ನಾಲ್ಕೈದು ಸಾವಿರ ಕೊಟ್ಟು ಮಗ್ಗಂ ವರ್ಕ್ (ಅಡ್ಡಾ ಮೇಲಿನ ಕೈ ಕಸೂತಿ) ಮಾಡಿಸಿಕೊಂಡವರಿಗೆ ಈಗ ಆ ಜಂಪರ್ ಹಿಡಿಸುವುದಿಲ್ಲ. ಹೆರಿಗೆ ಆಗಿರುತ್ತದೆ, ದಪ್ಪ ಆಗಿರುತ್ತಾರೆ. ಬಿಸಾಡಲು ಮನಸ್ಸಿಲ್ಲ. ಕಂಕುಳಲ್ಲಿ ಪಟ್ಟಿ ಕೊಟ್ಟು, ಪಕ್ಕ ಬಿಚ್ಚಿ, ಸಂದಿಯಲ್ಲಿ ನಾಲ್ಕು ಮಣಿ ಕಟ್ಟಿ ಮುಚ್ಚಿಕೊಟ್ಟರೆ 500–600 ಸಂತೋಷದಿಂದ ಕೊಡುತ್ತಾರೆ. ಕಂಪ್ಯೂಟರ್ ಅಂಗಡಿ ಈ ಕೆಲಸ ಮುಟ್ಟುವುದಿಲ್ಲ, ಹೊಲಿದಾದ ಬ್ಲೌಸನ್ನು ಫ್ರೇಮಿಗೆ ಹಾಕುವುದೇ ಕಷ್ಟ. ಇನ್ನು ಮುಂದೆ ನೀವು ಹೊಲಿಯುವ ಪ್ರತಿ ವರ್ಕ್ ಜಂಪರಿಗೂ ಪಕ್ಕದಲ್ಲಿ ಒಂದೂವರೆ ಇಂಚು ಒಳಗೆ ಬಿಡಿ. ಅದು ನಿಮ್ಮ ಮುಂದಿನ ಗಿರಾಕಿ.

ಅಮ್ಮನ ಹಳೇ ರೇಷ್ಮೆ ಸೀರೆಯಲ್ಲಿ ಮಗಳಿಗೆ ಲಂಗ, ಉದ್ದ ಫ್ರಾಕ್ ಹೊಲಿಯುವ ಕೆಲಸವೂ ಚಲೋ ಇದೆ. ಅಲ್ಲೊಂದು ಮೋಸ ಇರುತ್ತದೆ, ನೋಡಿಕೊಳ್ಳಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಆ ಮಡಿಕೆ ಗೆರೆಯಲ್ಲಿ ಸೋತಿರುತ್ತದೆ. ಕತ್ತರಿ ಹಾಕುವ ಮೊದಲು ಸೀರೆ ಬೆಳಕಿಗೆ ಹಿಡಿಯಿರಿ, ಗೆರೆ ಹತ್ತಿರ ಎರಡೂ ಕೈಯಿಂದ ಮೆಲ್ಲಗೆ ಎಳೆಯಿರಿ. ಚರ್ ಅಂದರೆ ಆ ಜಾಗ ಬಿಟ್ಟು ಕಟಿಂಗ್ ಮಾಡಿ, ಇಲ್ಲಾ ಹಿಂದೆ ಮಲ್ ಬಟ್ಟೆ (ತೆಳು ಹತ್ತಿ) ಕೊಡಿ. ಜರಿ ಸೆರಗು ಭಾರ, ಅದನ್ನು ಸೋತ ಬಟ್ಟೆಗೆ ಜೋತು ಬಿಟ್ಟರೆ ಮೊದಲ ದಿನವೇ ಹರಿಯುತ್ತದೆ. ಹರಿದರೆ ‘ನಮ್ಮವ್ವನ ಸೀರೆ’ ಅಂತ ಅಳುವವರ ಮುಂದೆ ದುಡ್ಡಿನ ಮಾತು ನಡೆಯುವುದಿಲ್ಲ. ಆದ್ದರಿಂದ ಮೊದಲೇ ತೋರಿಸಿ, ಹೇಳಿ, ಪುಸ್ತಕದಲ್ಲಿ ಬರೆಯಿರಿ.

ಹಾಗಾದರೆ ವರ್ಕ್ ಬಿಡಬೇಕಾ? ಬೇಡ. ಕಂಪ್ಯೂಟರ್ ಅಂಗಡಿಯವರನ್ನು ವೈರಿ ಅಂತ ಯಾಕೆ ನೋಡುತ್ತೀರಿ? ಅವರಿಗೆ ಜಾಬ್‌ವರ್ಕ್ ಕೊಡಿ. ಬಳ್ಳಿ, ಎಲೆ, ತುಂಬು ಹೊಲಿಗೆ ಎಲ್ಲ ಅವರ ಮೆಷಿನ್ ಹಾಕಲಿ, ಹೊಲಿಗೆ ಎಣಿಸಿ ದರ ಹೇಳುತ್ತಾರೆ. ಅದರ ಮೇಲೆ ಕುಂದನ್, ಕಟ್‌ದಾನಾ, ಜರ್ದೋಸಿ ನಿಮ್ಮ ಕೈಯಿಂದ. ನಿಮ್ಮ 24 ತಾಸು ಏಳೆಂಟಕ್ಕೆ ಇಳಿಯುತ್ತದೆ, ಗಿರಾಕಿಗೆ 3,200ರ ಬದಲು 2,200 ಹೇಳಬಹುದು. ‘ಪೂರ್ತಿ ಕೈ ವರ್ಕ್’ ಅಂತ ಮಾತ್ರ ಸುಳ್ಳು ಹೇಳಬೇಡಿ. ತಿರುಗಿಸಿ ನೋಡಿದರೆ ಕೆಳಗಿನ ಬಾಬಿನ್ ದಾರ ಎಲ್ಲ ಹೇಳಿಬಿಡುತ್ತದೆ. ಪೂರ್ತಿ ಕೈ ವರ್ಕೇ ಬೇಕು ಅನ್ನುವವರು ಇದ್ದೇ ಇರುತ್ತಾರೆ, ಅವರಿಗೆ 4,500 ಹೇಳಿ, ತಿಂಗಳಿಗೆ ಎರಡಕ್ಕಿಂತ ಹೆಚ್ಚು ಒಪ್ಪಬೇಡಿ. ಇದರ ತೊಂದರೆ ಒಂದೇ. ಆ ಅಂಗಡಿಯವರು ಸೀಸನ್‌ನಲ್ಲಿ ತಡ ಮಾಡಿದರೆ ಬೈಗುಳ ನಿಮಗೆ. ಒಂದೇ ಅಂಗಡಿಯನ್ನು ನಂಬದೆ ಇಬ್ಬರ ಹತ್ತಿರ ಕೊಟ್ಟು ನೋಡಿ, ಗಿರಾಕಿಗೆ ನಾಲ್ಕು ದಿನ ಹೆಚ್ಚಿಗೆ ಇಟ್ಟೇ ತಾರೀಖು ಹೇಳಿ.

ಮಗನಿಗೆ ಏನಾದರೂ ಮಾಡುವ ಹುರುಪಿದ್ದರೆ, ಪಂಚಿಂಗ್ ಕಲಿಯಲಿ. ಅದಕ್ಕೆ ಕಂಪ್ಯೂಟರ್ ಸಾಕು, ಮೆಷಿನ್ ಬೇಡ. ನಿಮ್ಮ ಕೈಯ ಡಿಜೈನ್‌ಗಳನ್ನೇ ಫೈಲ್ ಮಾಡಿ ಅದೇ ಮೂರು ಅಂಗಡಿಗೆ ಕೊಡಲಿ. ಒಂದು ವರ್ಷ ಅದರಲ್ಲಿ ನಿಂತರೆ ಆಮೇಲೆ ಮೆಷಿನ್ ಮಾತು ಆಡೋಣ. ಇನ್‌ಸ್ಟಾಗ್ರಾಂ ಮಾಡಲಿ, ಅಡ್ಡಿಯಿಲ್ಲ. ಆದರೆ ನಿಮ್ಮ ಗಿರಾಕಿ ಎರಡು ಕಿಲೋಮೀಟರ್ ಒಳಗೆ ಇದ್ದಾರೆ, ಅವರಿಗೆ ವಾಟ್ಸಾಪ್ ಸ್ಟೇಟಸ್ ಸಾಕು. ಫಿಟ್ಟಿಂಗ್ ಮಾಡುವ ಮೊದಲು ಒಂದು ಫೋಟೊ, ಆದ ಮೇಲೆ ಒಂದು. ಮುಖ ಬೇಡ, ಕೇಳಿಯೇ ಹಾಕಿ.

ನಿಮ್ಮ ಊರಿನ ಸೂಪರ್ ಮಾರ್ಕೆಟ್ ಪೇಟೆ ಕಡೆಯ ರೆಡಿಮೇಡ್ ಅಂಗಡಿಗಳಿಗೆ ಫಿಟ್ಟಿಂಗ್ ಮಾಡಿಕೊಡುವವರು ಯಾವಾಗಲೂ ಬೇಕು. ಕೇಳಿ ನೋಡಬಹುದು. ಪೀಸಿಗೆ ದರ ಕಡಿಮೆ, ದುಡ್ಡು ತಿಂಗಳ ಕೊನೆಗೆ, ರಂಜಾನ್ ಮುಂದೆ ‘ಇವತ್ತೇ ಬೇಕು’ ಅಂತ ಮೂವತ್ತು ಪೀಸ್ ತಂದು ಸುರಿಯುತ್ತಾರೆ. ದಿನಕ್ಕೆ ಎಂಟು ಅಂತ ಮೊದಲೇ ಗೆರೆ ಹಾಕಿ.

ಶಾಲೆ ಸಮವಸ್ತ್ರದ ಗೊಂಚಲು ಆರ್ಡರ್ ಬಗ್ಗೆ ಯಾರಾದರೂ ಆಸೆ ಹುಟ್ಟಿಸಿದರೆ ಹೂಂ ಅನ್ನಬೇಡಿ. ಪಕ್ಕದ ಸೊಲ್ಲಾಪುರದಲ್ಲಿ ಸಮವಸ್ತ್ರ ಸಾವಿರಗಟ್ಟಲೆ ಹೊಲಿಯುತ್ತಾರೆ, ಆ ದರಕ್ಕೆ ನಿಮ್ಮ ದಾರದ ಖರ್ಚೂ ಹುಟ್ಟುವುದಿಲ್ಲ. ಜೂನ್‌ನಲ್ಲಿ ಬಿಡಿಬಿಡಿಯಾಗಿ ಓಣಿಯ ಮಕ್ಕಳದು ಬಂದರೆ ಬೇರೆ ಮಾತು. ಹಾಗೆಯೇ ಜವಳಿ ಪಾರ್ಕ್. 2023ರ ಮಾರ್ಚ್‌ನಲ್ಲಿ ಪಿಎಂ ಮಿತ್ರ ಪಾರ್ಕಿಗೆ ದೇಶದ ಏಳು ಜಾಗ ಹೇಳಿದಾಗ ಅದರಲ್ಲಿ ಕಲಬುರಗಿಯೂ ಇತ್ತು. ಅದು ದೊಡ್ಡ ಕಾರ್ಖಾನೆಗಳ ಲೆಕ್ಕ. ನಿಮ್ಮ ಕೈಕೆಳಗಿನ ಹುಡುಗಿಗೆ ನಾಳೆ ಅಲ್ಲಿ ಪಗಾರದ ಕೆಲಸ ಸಿಗಬಹುದು, ಸಿಗಲಿ. ನಿಮ್ಮ ಈ ವರ್ಷದ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ.

ಆಷಾಢದ ಖಾಲಿ ದಿನಗಳಿಗೆ ಕೌದಿ ಇದೆಯಲ್ಲ. ಚಿಂದಿ ಚೀಲ ನಿಮ್ಮ ಮನೆಯಲ್ಲಿ ತುಂಬಿರಲೇಬೇಕು. ದೊಡ್ಡ ಕೌದಿಗೆ ಕೈ ಹಾಕಬೇಡಿ, ದಿನಗಟ್ಟಲೆ ಹಿಡಿಯುತ್ತದೆ, ಮತ್ತೆ ತಾಸಿಗೆ 40 ರೂಪಾಯಿ ಲೆಕ್ಕ ಬರುತ್ತದೆ. ತೊಟ್ಟಿಲ ಕೌದಿ, ಕುಂಚಿಗೆ (ಕೂಸಿನ ತಲೆ, ಬೆನ್ನು ಮುಚ್ಚುವ ಟೊಪ್ಪಿ), ಎರಡೂ ಸೇರಿಸಿ ಒಂದು ಜೋಡಿ ಮಾಡಿ. ಬಾಣಂತಿ ಮನೆಗೆ ಒಯ್ಯಲು ನಮ್ಮ ಕಡೆಯವರು ಹುಡುಕುತ್ತಾರೆ, ಸಿಗುವುದಿಲ್ಲ. ಮೆತ್ತಗಿನ ಹಳೇ ಹತ್ತಿ ಸೀರೆಯನ್ನೇ ಒಳಗೆ ಕೊಡಿ, ಮಗುವಿನ ಮೈಗೆ ಪಾಲಿಯೆಸ್ಟರ್ ಬೇಡ.

ದರ ಏರಿಸಲು ಸಂಕೋಚ ಅಂತ ನೀವು ಹೇಳಿಲ್ಲ, ಆದರೆ ನಾಲ್ಕು ವರ್ಷದಿಂದ 350ಕ್ಕೇ ನಿಂತಿದ್ದೀರಿ ಅಂತ ನನ್ನ ಗುಮಾನಿ. ಗೋಡೆಗೆ ದರಪಟ್ಟಿ ಅಂಟಿಸಿ. ಬಾಯಲ್ಲಿ ಹೇಳಿದರೆ ಚೌಕಾಶಿ, ಗೋಡೆ ಹೇಳಿದರೆ ಸುಮ್ನೆ ಒಪ್ಪುತ್ತಾರೆ. ಅರ್ಧ ಮುಂಗಡ ಇಲ್ಲದೆ ವರ್ಕ್ ಕೆಲಸಕ್ಕೆ ಸೂಜಿ ಹಾಕಬೇಡಿ. ಹಳ್ಳಿ ಗಿರಾಕಿಗಳ ಉದ್ರಿ ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ಅದು ನನಗೂ ಗೊತ್ತು. ಅವರಿಗೆ ಕೂಲಿ ಉದ್ರಿ ಇರಲಿ, ಲೈನಿಂಗ್, ಮಣಿ ದುಡ್ಡು ಮಾತ್ರ ಮೊದಲೇ ಇಸ್ಕೊಳ್ಳಿ. ಅಷ್ಟಾದರೆ ನಿಮ್ಮ ಕೈಯಿಂದ ದುಡ್ಡು ಹೊರಗೆ ಹೋಗುವುದಿಲ್ಲ.

ಕಣ್ಣಿನ ವಿಷಯ ಕೊನೆಗೆ ಇಟ್ಟೆ, ಆದರೆ ಮಾಡುವುದರಲ್ಲಿ ಅದೇ ಮೊದಲು. 40 ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಆಗುತ್ತದೆ. ಸಂತೆಯಲ್ಲಿ 150ಕ್ಕೆ ಸಿಗುವ ಕನ್ನಡಕ ಹಾಕಬೇಡಿ, ಎರಡು ಕಣ್ಣಿನ ನಂಬರ್ ಒಂದೇ ಇರಬೇಕೆಂದಿಲ್ಲ. ಪರೀಕ್ಷೆ ಮಾಡಿಸಿ. ಓದುವ ದೂರಕ್ಕಲ್ಲ, ಅಡ್ಡಾದಿಂದ ನಿಮ್ಮ ಕಣ್ಣಿಗೆ ಇರುವ ದೂರವನ್ನು ಟೇಪಿನಲ್ಲಿ ಅಳೆದುಕೊಂಡು ಹೋಗಿ, ಆ ದೂರಕ್ಕೆ ನಂಬರ್ ಕೇಳಿ. ಸಕ್ಕರೆಯನ್ನೂ ಒಮ್ಮೆ ನೋಡಿಸಿ. ಬಲಗೈಯವರಾದರೆ ದೀಪ ಎಡಕ್ಕೆ ಇರಲಿ, ಕೈ ನೆರಳು ಸೂಜಿ ಮೇಲೆ ಬೀಳಬಾರದು. ನೆಲದ ಮೇಲೆ ಕೂತು ಅಡ್ಡಾ ಮೇಲೆ ಬಾಗುವುದು ಬಿಟ್ಟು, ಅದಕ್ಕೊಂದು ಸ್ಟ್ಯಾಂಡ್ ಮಾಡಿಸಿ ಕುರ್ಚಿಗೆ ಬನ್ನಿ. ಬಡಗಿ ಕೆಲಸ, ಕಂಪ್ಯೂಟರ್ ಮೆಷಿನ್ನಿನ ಕಾಲು ಕಂತಿನಷ್ಟೂ ಖರ್ಚಿಲ್ಲ.

ಕೊಟ್ಟ 5,000 ಅಡ್ವಾನ್ಸ್ ಬಗ್ಗೆ. ರಸೀದಿ ಇದ್ದರೆ ಹಿಂದೆ ನೋಡಿ, ವಾಪಸ್ ಕೊಡುತ್ತೇವೆ ಅಂತ ಇದೆಯಾ ಇಲ್ಲವಾ ಅಂತ. ಈ ವಾರವೇ ಮಗನನ್ನು ಕಳಿಸಿ ‘ಆರ್ಡರ್ ಬೇಡ’ ಅಂತ ವಾಟ್ಸಾಪಿನಲ್ಲೂ ಬರೆದು ಹಾಕಿಸಿ, ಬಾಯಿಮಾತು ಸಾಲದು. ಅವರು ಅದೇ ದುಡ್ಡಿನಲ್ಲಿ ಬೇರೆ ಸಾಮಾನು ತಗೊಳ್ಳಿ ಅನ್ನಬಹುದು. ಓವರ್‌ಲಾಕ್ ಮೆಷಿನ್ ಇದ್ದರೆ ಅದಕ್ಕೆ ವಜಾ ಮಾಡಿಸಿಕೊಳ್ಳಿ. ಏನೂ ಕೊಡುವುದಿಲ್ಲ ಅಂದರೆ ಬಿಟ್ಟುಬಿಡಿ. 5,000 ಹೋಗುತ್ತದೆ ಅಂತ ನಾಲ್ಕೂವರೆ ಲಕ್ಷ ತರಬೇಡಿ. ಎರಡು ವಾರ ಪ್ರತಿ ಕೆಲಸದ ಮುಂದೆ ಎಷ್ಟು ತಾಸು ಹಿಡಿಯಿತು ಅಂತಲೂ ಬರೆಯಿರಿ, ಆಲ್ಟ್ರೇಶನ್ ಸೇರಿಸಿ. ಆ ಹಾಳೆ ಕಳಿಸಿ, ದರಪಟ್ಟಿ ಇಬ್ಬರೂ ಕೂತು ಹಾಕೋಣ.